ನನಗೆ ಬೇಕಾಗಿದ್ದ ಎನ್‌ಸಿ

ಪರಿಸರ ನಿರ್ವಹಣೆಯ ಸ್ಟ್ಯಾಂಡರ್ಡ್ ಐಎಸ್‌ಒ 14001ರ ಆಡಿಟ್ ಹತ್ತಿರ ಬಂತೆಂದರೆ ನಮ್ಮ ಕಾರ್ಖಾನೆಯ ಗೇಟಿನ ಪಕ್ಕದ ಗಾರ್ಡನ್‌ಗೆ ಜೀವ ಬರುತ್ತದೆ. ನರ್ಸರಿಯಿಂದ ಸಸಿ, ಒಂದು ಟ್ರಾಲಿ ಕೆಂಪು ಮಣ್ಣು, ಪರಿಸರ ನೀತಿಯ ಬೋರ್ಡಿಗೆ ಒದ್ದೆ ಬಟ್ಟೆ. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಕೆಲಸ ಮಾಡುವ ನನ್ನಂಥವರಿಗೆ ಇದೇನೂ ಹೊಸದಲ್ಲ. ಹಿಂದುಗಡೆ ಯೂಸ್ಡ್ ಆಯಿಲ್ ಡ್ರಮ್ಮುಗಳು ಮಾತ್ರ ಬರೀ ನೆಲದ ಮೇಲೆ, ಮಳೆನೀರಿನ ಚರಂಡಿಗೆ ನಾಲ್ಕೇ ಹೆಜ್ಜೆ ದೂರದಲ್ಲಿ. ಸುತ್ತ ಬಂಡ್, ಅಂದರೆ ಚೆಲ್ಲಿದ ಎಣ್ಣೆ ತಡೆಯುವ ಗಿಡ್ಡ ಗೋಡೆ, ಕಟ್ಟಿಸಿ ಎಂದು ನಾನು ಹಾಕಿದ ಪಿಆರ್ (ಖರೀದಿ ಕೋರಿಕೆ) ಪರ್ಚೇಸ್‌ನಲ್ಲಿ ಕೊಳೆಯುತ್ತಿತ್ತು. "ಎನ್‌ಸಿ ಬಂದಿಲ್ಲಲ್ರಿ, ಮುಂದಿನ ಬಜೆಟ್‌ನ್ಯಾಗ ನೋಡೂಣು," ಅಂತ ಅಲ್ಲಿಯವರ ಉತ್ತರ. ಎನ್‌ಸಿ ಅಂದರೆ ನಾನ್‌ಕನ್ಫಾರ್ಮಿಟಿ, ಸ್ಟ್ಯಾಂಡರ್ಡ್‌ಗೆ ಹೊಂದದ ಲೋಪವೆಂದು ಆಡಿಟರ್ ಬರೆದುಕೊಡುವುದು.

ಹಾಗಾಗಿ ಆ ಸಲದ ಸರ್ವೇಲನ್ಸ್ (ವಾರ್ಷಿಕ ತಪಾಸಣೆಯ) ಆಡಿಟ್‌ನಲ್ಲಿ ನನಗೆ ಒಂದು ಎನ್‌ಸಿ ಬೇಕೇಬೇಕಾಗಿತ್ತು.

ಬೆಳಿಗ್ಗೆಯೆಲ್ಲ ಆಸ್ಪೆಕ್ಟ್-ಇಂಪ್ಯಾಕ್ಟ್ ರಿಜಿಸ್ಟರ್, ಲೀಗಲ್ ರಿಜಿಸ್ಟರ್, ಮ್ಯಾನೇಜ್‌ಮೆಂಟ್ ರಿವ್ಯೂ ಮೀಟಿಂಗಿನ ಮಿನಿಟ್ಸ್ ಎಂಬ ಕಾಗದಗಳಲ್ಲೇ ಹೋಯಿತು. ಎಲ್ಲ ಚೊಕ್ಕ. ಊಟ ಮುಗಿಸಿ ರೌಂಡಿಗೆ ಹೊರಟರೆ ಪ್ಲಾಂಟ್ ಹೆಡ್ ಆಡಿಟರ್‌ರನ್ನು ನೇರ ಗಾರ್ಡನ್ ಕಡೆ ತಿರುಗಿಸಿದರು. ಒಂದೊಂದು ಸಸಿಗೂ ಪರಿಚಯ. ನಾಲ್ಕು ಹೊಡೆಯುತ್ತ ಬಂತು. ಆಡಿಟರ್ ವಾಚು ನೋಡಿಕೊಂಡರು. ಇನ್ನು ಇವರು ಚಹಾ ಕುಡಿದು ಕ್ಲೋಸಿಂಗ್ ಮೀಟಿಂಗಿಗೆ ಕೂತುಬಿಡುತ್ತಾರೆ, ಹೆಚ್ಚೆಂದರೆ ಒಂದು ಒಎಫ್‌ಐ (ಸುಧಾರಣೆಗೆ ಸಲಹೆ) ಗೀಚುತ್ತಾರೆ ಎಂದು ನಾನು ಆಸೆ ಬಿಟ್ಟೆ. ಒಎಫ್‌ಐಗೆ ನಮ್ಮಲ್ಲಿ ಒಂದು ಇಟ್ಟಿಗೆಯೂ ಬರುವುದಿಲ್ಲ. ಅಷ್ಟರಲ್ಲಿ ಎದುರು ಬಂದ ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಆಪರೇಟರ್‌ನನ್ನು ಅವರು ನಿಲ್ಲಿಸಿದರು.

"ಆಯಿಲ್ ಚೆಲ್ಲಿದ್ರೆ ಏನ್ ಮಾಡ್ತೀರಿ?"

"ಮಣ್ಣ ಹಾಕ್ತೀನ್ರಿ."

"ಮಣ್ಣು ಎಲ್ಲಿದೆ?"

"ಗಾರ್ಡನ್‌ನ್ಯಾಗ ಐತ್ರಿ ಸರ. ನಿನ್ನೇ ಬಂದೈತಿ."

ನಾನು ಬೂಟಿನ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದೆ. ಆಡಿಟರ್ ನಗಲಿಲ್ಲ, "ಡ್ರಮ್ ಎಲ್ಲಿಟ್ಟಿದೀರಿ, ತೋರಿಸಿ" ಅಂದರು. ಕ್ಲಾಜ್ 8.2 (ತುರ್ತು ಸಿದ್ಧತೆ), ಮೈನರ್ ಎನ್‌ಸಿ.

ಚುಚ್ಚುವುದು ಆಮೇಲಿನದು. ಎನ್‌ಸಿಗೆ ಕೊಡುವ ಉತ್ತರದ ರೂಟ್ ಕಾಸ್, ಅಂದರೆ ಮೂಲ ಕಾರಣದ ಜಾಗದಲ್ಲಿ ನಾನು ಬಂಡ್ ಇಲ್ಲ, ಸ್ಪಿಲ್ ಕಿಟ್ ಇಲ್ಲ ಎಂದು ಬರೆದೆ. ಅದು ಮೇಲೆ ಹೋಗಿ 'ಆಪರೇಟರ್‌ಗೆ ಅರಿವಿನ ಕೊರತೆ' ಎಂದಾಗಿ ಕೆಳಗೆ ಬಂತು. ಪರಿಹಾರ ತರಬೇತಿ, ಪುರಾವೆಗೆ ಹಾಜರಿ ಸಹಿ ಮತ್ತು ಗ್ರೂಪ್ ಫೋಟೊ. ಇದ್ದದ್ದು ಇದ್ದಂಗೆ ಹೇಳಿದವನಿಗೇ ಪಾಠ! ಪುಣ್ಯಕ್ಕೆ ಆಡಿಟರ್ ಅದನ್ನು ಒಪ್ಪದೆ ವಾಪಸ್ ಕಳಿಸಿದರು. ಅದೇ ವಾರ ಪಿಆರ್ ಹೋಗಿ ಪಿಒ (ಖರೀದಿ ಆದೇಶ) ಆಯಿತು.

ಐಎಸ್‌ಒ 14001ರಿಂದ ಏನು ಉಪಯೋಗ ಎಂದು ಹೊಸ ಹುಡುಗರು ಕೇಳುತ್ತಾರೆ. ಬಿಒಡಿ (ನೀರಿನ ಮಾಲಿನ್ಯದ ಒಂದು ಅಳತೆ) ಇಷ್ಟೇ ಇರಬೇಕು ಎಂಬ ಮಿತಿ ಅದರಲ್ಲಿಲ್ಲ, ಅದು ಮಾಲಿನ್ಯ ಮಂಡಳಿ ಕೊಡುವ ಕನ್ಸೆಂಟ್ ಎಂಬ ಅನುಮತಿ ಪತ್ರದಲ್ಲಿದೆ. ಅಪಾಯಕಾರಿ ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎನ್ನುವುದು 2016ರ ನಿಯಮ. ಇದನ್ನೆಲ್ಲ ಪಾಲಿಸುವ ವ್ಯವಸ್ಥೆ ಇದೆಯೇ ಎಂದಷ್ಟೇ ಸ್ಟ್ಯಾಂಡರ್ಡ್ ಕೇಳುತ್ತದೆ. ಕೇಳುವವರು ಬರುವುದು ವರ್ಷಕ್ಕೊಮ್ಮೆ, ಅದೂ ನಾವೇ ಫೀಸು ಕಟ್ಟಿ ಕರೆಸಿದವರು. ಆದರೂ ನನ್ನ ಮಾತಿಗೆ ಕಟ್ಟದ ಗೋಡೆಯನ್ನು ಅವರ ಒಂದು ಸಾಲು ಕಟ್ಟಿಸಿತು. ಜೀರೋ ಎನ್‌ಸಿ ಬಂದಾಗಲೆಲ್ಲ ಫೇಡೆ ಹಂಚುವ ನಮ್ಮ ಮ್ಯಾನೇಜ್‌ಮೆಂಟ್‌ಗೆ ಇದನ್ನು ಹೇಳುವವರ್‍ಯಾರು?

ಮುಂದಿನ ಆಡಿಟ್‌ಗೆ ಆಪರೇಟರ್‌ಗಳಿಗೆ ಉತ್ತರ ಬಾಯಿಪಾಠ ಮಾಡಿಸಬೇಕಂತೆ, ಮೇಲ್ ಬಂದಿದೆ. ಕೂಲಂಟ್ ಪಿಟ್ (ಯಂತ್ರ ತಂಪು ಮಾಡುವ ದ್ರವದ ಗುಂಡಿ) ರಿಪೇರಿಯ ಪಿಆರ್ ಇನ್ನೂ ಪರ್ಚೇಸ್‌ನಲ್ಲೇ ಇದೆ. ಬಾಯಿಪಾಠವನ್ನು ನಾನಿನ್ನೂ ಶುರು ಮಾಡಿಲ್ಲ.