ಎಡಗೈ ಲೇಅಪ್ ಕಲಿತ ವರ್ಷ

1997ರಲ್ಲಿ ನಾನು ಬಳ್ಳಾರಿಯ ಒಂದು ಕಾಲೇಜಿಗೆ ಬಿ.ಎಸ್ಸಿ. ಓದಲು ಸೇರಿದಾಗ, ಬಾಸ್ಕೆಟ್‌ಬಾಲ್ ತಂಡದಲ್ಲಿ ನನ್ನಷ್ಟು ವೇಗವಾಗಿ ಓಡುವವರು ಇನ್ನೊಬ್ಬರಿರಲಿಲ್ಲ. ರಿಂಗಿನ ಹತ್ತಿರದವರೆಗೆ ಹೋಗಿ ನನ್ನಷ್ಟು ಚೆಂಡು ಹಾಳು ಮಾಡುವವರೂ ಇರಲಿಲ್ಲ. ಫಿನಿಶಿಂಗ್, ಅಂದರೆ ರಿಂಗಿನ ಹತ್ತಿರ ಹೋಗಿ ಚೆಂಡನ್ನು ಒಳಗೆ ಹಾಕಿ ಮುಗಿಸುವುದು, ಅಡುಗೆಯವರ ಕೈಗುಣವಿದ್ದಂತೆ, ಹುಟ್ಟಿನಿಂದ ಬರಬೇಕೇ ಹೊರತು ಕಲಿತು ಬರುವುದಲ್ಲ ಎಂದು ಹಿರಿಯ ಆಟಗಾರರು ಹೇಳುತ್ತಿದ್ದರು. ನಾನು ಅದನ್ನು ಸಂತೋಷದಿಂದಲೇ ನಂಬಿದ್ದೆ, ಏಕೆಂದರೆ ಹಾಗೆ ನಂಬಿದರೆ ತಪ್ಪಿದ ಪ್ರತಿ ಲೇಅಪ್‌ಗೂ (ಓಡಿಬಂದು ಜಿಗಿದು ರಿಂಗಿನ ಹತ್ತಿರದಿಂದ ಒಂದು ಕೈಯಲ್ಲಿ ಹಾಕುವ ಎಸೆತ) ನಾನು ಹೊಣೆಯಾಗಬೇಕಿರಲಿಲ್ಲ.

ಆಗ ನಮ್ಮ ಕಾಲೇಜು ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಆ ವರ್ಷದ ಅಂತರ ಕಾಲೇಜು ಪಂದ್ಯಾವಳಿಗೆ ನಾವು ರಾಯಚೂರಿಗೆ ಹೋಗಿದ್ದೆವು. ಒಂದು ಪಾಯಿಂಟ್ ಹಿಂದಿದ್ದಾಗ ಕೊನೆಯ ನಿಮಿಷದಲ್ಲಿ ಚೆಂಡು ಕಿತ್ತುಕೊಂಡು ಎಡಬದಿಯಿಂದ ಒಬ್ಬನೇ ನುಗ್ಗಿದ ನಾನು, ಸುತ್ತ ಯಾರೂ ಇಲ್ಲದಿದ್ದರೂ ಬಲಗೈಯಿಂದ ಎಸೆದು ಚೆಂಡನ್ನು ರಿಂಗಿನ ಅಡಿಗೆ ಬಡಿಸಿದೆ. ಮರಳುವಾಗ ಗುಂತಕಲ್ಲಿನಲ್ಲಿ ರೈಲು ಬದಲಿಸುವವರೆಗೂ ನನ್ನೊಡನೆ ಯಾರೂ ಮಾತನಾಡಲಿಲ್ಲ.

ಮರುವಾರ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ನನ್ನನ್ನು ಬೆಳಿಗ್ಗೆ ಐದೂವರೆಗೆ ಅಂಕಣಕ್ಕೆ ಕರೆದರು. ಬೇಸಿಗೆಯಲ್ಲಿ ಎಂಟು ಗಂಟೆಯಾದರೆ ಸಿಮೆಂಟು ಕಾಯ್ದು ಬೂಟಿನೊಳಗೂ ಸುಡುತ್ತಿದ್ದುದರಿಂದ, ಕೋಟೆಬೆಟ್ಟದ ಬಂಡೆಗೆ ಬಿಸಿಲು ತಾಗುವ ಮೊದಲೇ ನಮ್ಮ ಅಭ್ಯಾಸ ಅರ್ಧ ಮುಗಿದಿರಬೇಕಿತ್ತು. ಅವರು ನನ್ನಿಂದ ಹತ್ತು ಲೇಅಪ್ ಹಾಕಿಸಿ, "ತಮ್ಮಾ, ನಿನ್ನ ಕೈಯಾಗೇನೂ ದೋಷ ಇಲ್ಲ, ದೋಷ ಇರೋದು ಕಾಲಾಗ" ಎಂದರು. ಬಲಬದಿಯಿಂದ ಹೋಗುವವನು ಎಡಗಾಲಿನಿಂದ ಜಿಗಿಯಬೇಕು, ಎಡಬದಿಯಿಂದ ಹೋಗುವವನು ಬಲಗಾಲಿನಿಂದ. ನಾನು ಎರಡೂ ಕಡೆ ಎಡಗಾಲಿನಿಂದಲೇ ಜಿಗಿಯುತ್ತಿದ್ದೆ. ಹಾಗೆ ಜಿಗಿದಾಗ ಎಡಬದಿಯಲ್ಲಿ ಮೈ ತಿರುಚಿಕೊಂಡು, ಬಲಗೈಯೇ ತಾನಾಗಿ ಮುಂದೆ ಬರುತ್ತಿತ್ತು. ನನ್ನ ಎರಡನೆಯ ದೋಷ ವೇಗದ್ದು. ಕೊನೆಯ ಹೆಜ್ಜೆಯ ಹಿಂದಿನದು ಉದ್ದವಾಗಿಯೂ ಕೊನೆಯದು ಗಿಡ್ಡವಾಗಿಯೂ ಇದ್ದರೆ ಮಾತ್ರ ಮುಂದಕ್ಕೆ ಓಡುವ ಬಲ ಮೇಲಕ್ಕೆ ತಿರುಗುತ್ತದೆ. ನನ್ನ ಎರಡೂ ಹೆಜ್ಜೆಗಳು ಸಮನಾಗಿದ್ದುದರಿಂದ ನಾನು ಮೇಲೇಳುವ ಬದಲು ರಿಂಗಿನ ಹಿಂದಿನ ಬೋರ್ಡಿನ ಕೆಳಗೆ ಹಾರಿ ಹೋಗುತ್ತಿದ್ದೆ.

ಅವರು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಹೆಜ್ಜೆಗಳನ್ನು ಗುರುತಿಸಿ, ಎರಡು ವಾರ ಚೆಂಡನ್ನೇ ಕೊಡದೆ ಬರೀ ಹೆಜ್ಜೆ ಹಾಕಿಸಿದರು. ಹುಡುಗಿಯರ ತಂಡ ಪಕ್ಕದಲ್ಲೇ ಆಡುತ್ತಿತ್ತು. ಕೈಯಲ್ಲಿ ಏನೂ ಇಲ್ಲದೆ ಗಾಳಿಗೆ ಲೇಅಪ್ ಹಾಕುವವನ ಅವಸ್ಥೆಯನ್ನು ಓದುಗರು ಊಹಿಸಿಕೊಳ್ಳಬಹುದು.

ಚೆಂಡು ಕೈಗೆ ಬಂದ ಮೇಲೆ ಕಣ್ಣಿನ ಪಾಠ ಶುರುವಾಯಿತು. ಬೋರ್ಡಿನ ಮೇಲಿನ 59 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಚೌಕಟ್ಟು ನಮ್ಮಲ್ಲಿ ಮಾಸಿಹೋಗಿತ್ತು. ಅವರು ಅದರ ಮೇಲಿನ ಎರಡು ಮೂಲೆಗಳಿಗೆ ತಾವೇ ಬಿಳಿ ಬಣ್ಣ ಬಳಿದು, ಎದುರಾಳಿಯನ್ನಾಗಲಿ ರಿಂಗನ್ನಾಗಲಿ ನೋಡದೆ ಹತ್ತಿರದ ಮೂಲೆಯನ್ನಷ್ಟೇ ನೋಡಬೇಕೆಂದು ಹೇಳಿದರು. ರಿಂಗಿನ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಮೇಲಿನಿಂದ ಬೀಳುವ ಚೆಂಡಿಗೆ ಬಾಯಿ ಪೂರ್ತಿ ತೆರೆದಿರುತ್ತದೆ. ಚಪ್ಪಟೆಯಾಗಿ ಬರುವ ಚೆಂಡಿಗೆ ಅದೇ ಬಾಯಿ ಸೀಳಿನಷ್ಟಾಗುತ್ತದೆ. ಆಷಾಢದ ಗಾಳಿಯಲ್ಲಿ ದೂರದ ಎಸೆತಗಳು ಎತ್ತಲೋ ಹೋಗುತ್ತಿದ್ದಾಗ ಬೋರ್ಡಿಗೆ ಮೆಲ್ಲಗೆ ಮುಟ್ಟಿಸಿದ ಚೆಂಡು ಮಾತ್ರ ಮಾತು ಕೇಳುತ್ತಿತ್ತು.

ರಿಂಗಿನ ಕೆಳಗೆ ನಿಂತು ಒಮ್ಮೆ ಬಲಗೈ, ಒಮ್ಮೆ ಎಡಗೈ ಎಂದು ಚೆಂಡು ನೆಲಕ್ಕೆ ಬೀಳದಂತೆ ಹಾಕುತ್ತಲೇ ಇರುವ ಅಭ್ಯಾಸಕ್ಕೆ ಮೈಕನ್ ಡ್ರಿಲ್ ಎಂದು ಹೆಸರು. ಆರಡಿ ಹತ್ತಿಂಚು ಎತ್ತರದ, ದಪ್ಪ ಕನ್ನಡಕದ ಜಾರ್ಜ್ ಮೈಕನ್ ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಎಷ್ಟು ಒಡ್ಡೊಡ್ಡಾಗಿ ಆಡುತ್ತಿದ್ದನೆಂದರೆ, 1942ರಲ್ಲಿ ಅಲ್ಲಿಗೆ ಬಂದ ತರಬೇತುದಾರ ರೇ ಮೇಯರ್ ಅವನಿಂದ ಹಗ್ಗ ಜಿಗಿಸಿದರು, ಎರಡೂ ಕೈಗಳಿಂದ ಎಸೆತ ಹಾಕಿಸಿದರು. ಮುಂದೆ ಅವನನ್ನು ತಡೆಯಲಾಗದೆ 1951ರಲ್ಲಿ ಅಮೆರಿಕದ ವೃತ್ತಿಪರ ಲೀಗಿನವರು, ಅವನನ್ನು ರಿಂಗಿನಿಂದ ದೂರವಿಡಲು, ರಿಂಗಿನ ಮುಂದಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಬೇಕಾಯಿತು. ಈ ಕಥೆಯನ್ನು ಸರ್ ವರ್ಷಕ್ಕೆ ನಾಲ್ಕು ಬಾರಿಯಾದರೂ ಹೇಳುತ್ತಿದ್ದರು.

ಇಷ್ಟೆಲ್ಲ ಆದರೂ ಪಂದ್ಯದಲ್ಲಿ ಯಾರಾದರೂ ಮೈಗೆ ತಾಗಿದೊಡನೆ ನನ್ನ ಚೆಂಡು ಜಾರುತ್ತಿತ್ತು. ಅದಕ್ಕೆ ಅವರು ಹುಡುಕಿದ ಮದ್ದು ಅಪ್ಪಟ ಬಳ್ಳಾರಿಯದು. ಊರಿನ ಜೀನ್ಸ್ ಹೊಲಿಯುವ ಮನೆಗಳಿಂದ ಚಿಂದಿ ತರಿಸಿ ಗೋಣಿಚೀಲಕ್ಕೆ ತುಂಬಿಸಿ, ನಾನು ಜಿಗಿಯುವ ಹೊತ್ತಿಗೆ ಗೆಳೆಯನೊಬ್ಬನಿಂದ ಅದನ್ನು ನನ್ನ ಭುಜಕ್ಕೆ ಬಡಿಸುತ್ತಿದ್ದರು. ಪೆಟ್ಟು ಬೀಳುವ ಮೊದಲೇ ಚೆಂಡನ್ನು ಎರಡೂ ಕೈಗಳಲ್ಲಿ ಗದ್ದದ ಹತ್ತಿರ ಬಿಗಿಹಿಡಿದು, ಎದುರಾಳಿಗೂ ಚೆಂಡಿಗೂ ನಡುವೆ ಭುಜವಿಟ್ಟು ಏಳುವುದನ್ನು ಆ ಚೀಲವೇ ನನಗೆ ಕಲಿಸಿತು. ಈಗ ರಿಂಗಿನ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತವಿದ್ದು, ಅದರೊಳಗೆ ನಿಂತ ರಕ್ಷಕನಿಗೆ ಗುದ್ದಿದರೆ ಸಾಮಾನ್ಯವಾಗಿ ಚಾರ್ಜಿಂಗ್ ಫೌಲ್ (ಚೆಂಡು ಹಿಡಿದವನು ಗುದ್ದಿದ ತಪ್ಪು) ಆಗುವುದಿಲ್ಲ. ನಮ್ಮ ಕಾಲದಲ್ಲಿ ಆ ಗೆರೆ ಇರಲಿಲ್ಲ.

ಹಾಗಾದರೆ ಎಲ್ಲವೂ ಸುಧಾರಿಸಿತೇ ಎಂದರೆ, ಇಲ್ಲ. ಐದಡಿ ಎಂಟಂಗುಲದ ನಾನು ರಿಂಗಿನ ಬಳಿ ಆಡುವ ಎತ್ತರದ ಸೆಂಟರ್ ಆಟಗಾರರ ಕೈ ಮೇಲಿಂದ ಚೆಂಡು ಹಾಕುವುದನ್ನು ಕೊನೆಯವರೆಗೂ ಕಲಿಯಲಿಲ್ಲ. ಅಂಥ ಕಡೆ ನುಗ್ಗದೆ ಪಾಸ್ ಕೊಡಬೇಕೆಂಬುದು ತಿಳಿಯಲು ಎರಡು ವರ್ಷ ಬೇಕಾಯಿತು. ಆದರೆ ಆರಂಭದಲ್ಲಿ ಹತ್ತರಲ್ಲಿ ಎರಡೋ ಮೂರೋ ಬೀಳುತ್ತಿದ್ದ ಎಡಗೈ ಲೇಅಪ್‌ಗಳು ಎರಡನೆಯ ವರ್ಷದ ಕೊನೆಗೆ ಏಳೆಂಟಕ್ಕೆ ಬಂದಿದ್ದವು. ಕೈಗುಣವೆಂದು ನಾವು ಕರೆಯುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಕಾಲಿನದೇ ಆಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಅಂತಿಮ ವರ್ಷದ ಮೊದಲ ಪಂದ್ಯದಲ್ಲಿ ಎಡಬದಿಯಿಂದ ನುಗ್ಗಿ, ಭುಜಕ್ಕೆ ಪೆಟ್ಟು ತಿಂದೂ ಎಡಗೈಯಿಂದ ಚೆಂಡು ಹಾಕಿದೆ. ರೆಫರಿ ಬ್ಯಾಸ್ಕೆಟ್ ಕೊಟ್ಟು, ಜೊತೆಗೆ ಒಂದು ಫ್ರೀ ಥ್ರೋವನ್ನೂ ಕೊಟ್ಟರು. ಬೆಂಚಿನತ್ತ ನೋಡಿದರೆ ಸರ್ ಕೈ ಕಟ್ಟಿ ಕುಳಿತಿದ್ದರು. ಎರಡು ನಿಮಿಷದ ಬಳಿಕ ಬಲಬದಿಯಿಂದ, ಯಾರೂ ಅಡ್ಡವಿಲ್ಲದ ಸುಲಭದ ಲೇಅಪ್ ತಪ್ಪಿಸಿದೆ. ಎಡಗೈಯ ಗುಂಗಿನಲ್ಲಿ ಆರು ತಿಂಗಳಿಂದ ಬಲಗೈಗೆ ಅಭ್ಯಾಸವನ್ನೇ ಕೊಟ್ಟಿರಲಿಲ್ಲ. ಆಗ ಮಾತ್ರ ಅವರು ಎದ್ದು ನಿಂತು, ಬೆರಳಿನಿಂದ ಐದೂವರೆ ಎಂದು ಸನ್ನೆ ಮಾಡಿದರು.