ತಂಬೂರಿ ಕೇಳಿಸಿ ಆರಿಸಿದ ಟ್ಯೂಬ್ ಡ್ಯಾಕ್

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಕಪಾಟಿನ ಮೇಲಿನ ಡ್ಯಾಕ್ ಅನ್ನುವ ಡಬ್ಬಿಯ ಎರಡು ಗಾಜಿನ ಟ್ಯೂಬ್‌ಗಳ ಕಡೆಗೆ, ಅಂದರೆ ಹಳೆಯ ರೇಡಿಯೊದಲ್ಲಿ ಇರುತ್ತಿದ್ದಂಥ ವಾಲ್ವ್‌ಗಳ ಕಡೆಗೆ. ಜೊತೆಗೆ ಹಾಡು ಕಲಿಯುವ ಗೆಳತಿಯರು, ಹುಬ್ಬಳ್ಳಿ ಬ್ಯಾಂಕಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು, ಎಲ್ಲರದ್ದೂ ಒಂದೇ ಪ್ರಶ್ನೆ: ಇದರಿಂದ ಹಾಡು ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದಾ, ಇಲ್ಲಾ ನೋಡೋದಕ್ಕಷ್ಟೇ ಚೆಂದವಾ? ಒಂದು ಕಂಠ, ಒಂದು ತಂಬೂರಿ, ತಬಲಾ ಇರುವ ಸಂಗೀತಕ್ಕೆ ಚೆನ್ನಾಗಿ ಕೇಳಿಸುತ್ತದೆ ಅಂತ ನಾನು ಹೇಳುತ್ತೇನೆ. ಆದರೆ ಟ್ಯೂಬ್ ಇರುವ ಎಲ್ಲ ಡಬ್ಬಿಗಳಿಗೂ ಈ ಮಾತು ಹೊಂದುವುದಿಲ್ಲ. ನಿಂತುಕೊಂಡೇ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡ್ಯಾಕ್ ಅಂದರೆ ಏನು ಅಂತ ನೋಡೋಣ. ಸಿಡಿಯಲ್ಲಿ ಇರುವುದು ಹಾಡಲ್ಲ, ಅಂಕಿಗಳು. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು. ಪ್ರತಿ ಸಾಲಿನಲ್ಲಿ ಸೆಕೆಂಡಿಗೆ 44,100 ಅಂಕಿ. ಒಂದೊಂದು ಅಂಕಿಯೂ 16 ಬಿಟ್‌ನದು, ಅಂದರೆ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದು. ಸ್ಪೀಕರಿಗೆ ಅಂಕಿ ತಿಳಿಯುವುದಿಲ್ಲ. ಅದಕ್ಕೆ ಏರಿ ಇಳಿಯುವ ವೋಲ್ಟೇಜ್ ಬೇಕು. ಅಂಕಿಯನ್ನು ವೋಲ್ಟೇಜ್ ಮಾಡುವ ಕೆಲಸ ಡ್ಯಾಕ್‌ನದು. ನಿಮ್ಮ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಈಗಾಗಲೇ ಒಂದೊಂದು ಡ್ಯಾಕ್ ಇದೆ. ಚೆನ್ನಾಗಿ ಕಟ್ಟಿದ ಬೇರೆ ಡಬ್ಬಿ ಇಟ್ಟುಕೊಂಡರೆ ಅದರ ಪವರ್ ಸಪ್ಲೈ ಶುದ್ಧವಾಗಿರುತ್ತದೆ, ಕಂಪ್ಯೂಟರಿನ ಒಳಗಿನ ಗಲಾಟೆ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ಹಾಗಾದರೆ ಟ್ಯೂಬ್ ಎಲ್ಲಿ ಬರುತ್ತದೆ? ಎಷ್ಟೋ ಜನ ಅಂಕಿಗಳು ಆ ಗಾಜಿನೊಳಗೆ ಹೋಗಿ ಸಂಗೀತವಾಗಿ ಹೊರಗೆ ಬರುತ್ತವೆ ಅಂದುಕೊಳ್ಳುತ್ತಾರೆ. ನನ್ನ ಅಣ್ಣನ ಮಗ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ, ಈ ಡಬ್ಬಿ ಕಟ್ಟಿದವನು ಅವನೇ. ಅವನು ಹೇಳಿದ್ದು ಇಷ್ಟು: "ಅತ್ತೀ, ಅಂಕಿ ಲೆಕ್ಕ ಟ್ಯೂಬಿಗೆ ಸಂಬಂಧನ ಇಲ್ಲ. ಅದನ್ನ ಚಿಪ್ ಮುಗಿಸಿಬಿಡತದ. ಟ್ಯೂಬಿನ ಕೆಲಸ ಚಾಲೂ ಆಗೂದು ಆಮೇಲೆ."

ನಮ್ಮ ಡಬ್ಬಿಯಲ್ಲಿ ಇರುವ ಚಿಪ್ ಫಿಲಿಪ್ಸ್‌ನ ಟಿಡಿಎ1541ಎ. 1980ರ ದಶಕದ ಒಳ್ಳೆಯ ಸಿಡಿ ಪ್ಲೇಯರ್‌ಗಳಲ್ಲಿ ಇರುತ್ತಿದ್ದ 16 ಬಿಟ್‌ನ ಚಿಪ್ ಅದು. ಅದು ಹೊರಗೆ ಕೊಡುವುದು ವೋಲ್ಟೇಜ್ ಅಲ್ಲ, ಕರೆಂಟ್, ಅದೂ ಕೆಲವೇ ಮಿಲಿಆಂಪಿಯರ್. ಆ ಕರೆಂಟನ್ನು ಒಂದು ಸಣ್ಣ ರೆಸಿಸ್ಟರಿನ ಮೂಲಕ ಹರಿಸಿದರೆ ಕೆಲವು ಹತ್ತು ಮಿಲಿವೋಲ್ಟ್ ಸಿಗುತ್ತದೆ. ಆಂಪ್ಲಿಫೈಯರಿಗೆ ಬೇಕಾದದ್ದು 2 ವೋಲ್ಟ್ ಆಸುಪಾಸು. ನಡುವಿನ ಈ ಅಂತರ ತುಂಬುವುದು ಟ್ಯೂಬ್. ಬೇರೆ ಡ್ಯಾಕ್‌ಗಳಲ್ಲಿ ಇದೇ ಕೆಲಸವನ್ನು ಕಾಳಿನಷ್ಟು ದೊಡ್ಡದಾದ ಒಂದು ಆಪ್-ಆಂಪ್ ಚಿಪ್ ಮಾಡುತ್ತದೆ, ತಪ್ಪೂ ಬಹಳ ಕಡಿಮೆ ಮಾಡುತ್ತದೆ. ಅಳತೆಯಲ್ಲಿ ಟ್ಯೂಬ್ ಅದರ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ.

ನಮ್ಮಲ್ಲಿರುವ ಟ್ಯೂಬ್ 6922. ಇದರ ಮೂಲ ಇಸಿಸಿ88, ಅದು ಟಿವಿಯ ಟ್ಯೂನರಿಗಾಗಿ ಹುಟ್ಟಿದ್ದು. ಆಂಟೆನಾದಿಂದ ಬರುವ ಸಣ್ಣ ಸಿಗ್ನಲನ್ನು ಹೆಚ್ಚು ಗದ್ದಲ ಸೇರಿಸದೆ ದೊಡ್ಡದು ಮಾಡುವುದು ಅದರ ಕೆಲಸವಾಗಿತ್ತು. ಅದಕ್ಕೇ ಡ್ಯಾಕ್ ಕಟ್ಟುವವರಿಗೂ ಅದು ಇಷ್ಟ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಿಇಎಲ್‌ನವರೇ ರೇಡಿಯೊ ವಾಲ್ವ್‌ಗಳನ್ನು ಮಾಡುತ್ತಿದ್ದರು. ಈಗ ಹೊಸ ಟ್ಯೂಬ್ ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರಬೇಕು.

ಈಗ ಅಗ್ಗದ ಡಬ್ಬಿಗಳ ವಿಷಯ. ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ಟ್ಯೂಬ್ ಡ್ಯಾಕ್ ಸಿಗುತ್ತದೆ, ಫೋಟೋದಲ್ಲಿ ಜಗಜಗ ಹೊಳೆಯುತ್ತದೆ. ಅಂಥದ್ದೊಂದು ಕೈಗೆ ಬಂದರೆ ಸುಮ್ನೆ ಸ್ವಿಚ್ ಹಾಕಿ ನೋಡಿ. ಹಾಕಿದ ಕ್ಷಣಕ್ಕೇ ಟ್ಯೂಬ್ ಬುಡದಿಂದ ಪೂರಾ ಬೆಳಗಿತಾ? ಅದು ಕೆಳಗೆ ಅಂಟಿಸಿದ ಎಲ್‌ಇಡಿ ಬೆಳಕು. ಟ್ಯೂಬಿನೊಳಗಿನ ನಿಜವಾದ ಹೀಟರ್, ಅಂದರೆ ಅದನ್ನು ಬಿಸಿ ಮಾಡುವ ತಂತಿ, ನಿಧಾನಕ್ಕೆ ಕಾಯುತ್ತದೆ. ಮಧ್ಯದ ತೆಳು ಕೊಳವೆಯ ತುದಿಯಲ್ಲಿ ಸಣ್ಣ ಕಿತ್ತಳೆ ಚುಕ್ಕೆ ಮೂಡಿ, ಅರ್ಧ ನಿಮಿಷದ ಹೊತ್ತಿಗೆ ಒಂದು ಹದಕ್ಕೆ ಬರುತ್ತದೆ. ಹಗಲಲ್ಲಿ ಬಗ್ಗಿ ನೋಡಿದರಷ್ಟೇ ಕಾಣಿಸುತ್ತದೆ. ಎಲ್‌ಇಡಿ ಇದ್ದರೆ ಇರಲಿ, ಅದರಿಂದ ದನಿಗೆ ತೊಂದರೆ ಇಲ್ಲ. ತೊಂದರೆ ಇರುವುದು ವೋಲ್ಟೇಜಿನಲ್ಲಿ. 6922ರ ಒಳಗಿನ ಲೋಹದ ಪ್ಲೇಟಿಗೆ 90 ವೋಲ್ಟ್ ಆಸುಪಾಸು ಕೊಟ್ಟರೆ ಅದು ಹದವಾಗಿ ಕೆಲಸ ಮಾಡುತ್ತದೆ. ನಮ್ಮ ಡಬ್ಬಿಯಲ್ಲಿ ಅದಕ್ಕೆಂದೇ ಒಂದು ಬೇರೆ ಟ್ರಾನ್ಸ್‌ಫಾರ್ಮರ್ ಇದೆ, ಇಡೀ ಡಬ್ಬಿಯ ತೂಕವೇ ಅದರದ್ದು. 12 ವೋಲ್ಟಿನ ಅಡಾಪ್ಟರ್ ಮೇಲೆ ಓಡುವ ಅಗ್ಗದ ಡಬ್ಬಿಗಳಲ್ಲಿ ಎಷ್ಟೋ ಸಲ ಟ್ಯೂಬಿಗೆ ಇದರ ಮೂರರಲ್ಲಿ ಒಂದು ಪಾಲೂ ಸಿಗುವುದಿಲ್ಲ. ಕೆಲಸವನ್ನೆಲ್ಲ ಆಪ್-ಆಂಪ್ ಮುಗಿಸಿರುತ್ತದೆ, ಟ್ಯೂಬ್ ಹಿಂದೆ ನಿಂತು ಹಾಜರಿ ಹಾಕುತ್ತದೆ. ಅಂಥದ್ದು ತಗೊಳ್ಳುವ ಬದಲು ಅದೇ ದುಡ್ಡಿಗೆ ಟ್ಯೂಬ್ ಇಲ್ಲದ ಒಳ್ಳೆಯ ಡ್ಯಾಕ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಟ್ಯೂಬ್ ತಪ್ಪು ಮಾಡುತ್ತದೆ ಅಂದೆನಲ್ಲ. ಎಂಥ ತಪ್ಪು ಅನ್ನುವುದು ಮುಖ್ಯ. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯ) ಷಡ್ಜ ಸುಮಾರು 138 ಹರ್ಟ್ಜ್. ಅದನ್ನು ಟ್ಯೂಬಿಗೆ ಕೊಟ್ಟರೆ ಅದು 138ರ ಜೊತೆಗೆ ಬಹಳ ಸಣ್ಣದಾಗಿ 276ನ್ನೂ ಸೇರಿಸಿ ಹೊರಗೆ ಕೊಡುತ್ತದೆ. 276 ಅಂದರೆ ಏನು? ತಾರ ಷಡ್ಜ! ಯಾವ ಸ್ವರ ಕೊಟ್ಟರೂ ಅದರ ಮೇಲಿನ ಸಪ್ತಕದ ಅದೇ ಸ್ವರವನ್ನು ಅದು ಜೊತೆಗೂಡಿಸುತ್ತದೆ. ಕಿವಿಗೆ ಅದು ಬೇರೆ ಸ್ವರ ಅಂತ ಅನ್ನಿಸುವುದೇ ಇಲ್ಲ. ದನಿ ಸ್ವಲ್ಪ ಮೈ ತುಂಬಿಕೊಂಡ ಹಾಗೆ ಕೇಳಿಸುತ್ತದೆ, ಅಷ್ಟೇ.

ಎರಡು ಸ್ವರ ಒಟ್ಟಿಗೆ ಹೋದಾಗ ಇನ್ನೂ ಚೆಂದ. ಆಗ ಟ್ಯೂಬ್ ಎರಡನ್ನೂ ಕೂಡಿಸುತ್ತದೆ, ಕಳೆಯುತ್ತದೆ. ಷಡ್ಜ 138, ಪಂಚಮ 207. ಕಳೆದರೆ 69, ಅದು ಮಂದ್ರ ಷಡ್ಜ. ಕೂಡಿಸಿದರೆ 345, ಅದು ತಾರ ಸಪ್ತಕದ ಶುದ್ಧ ಗಾಂಧಾರ! ತಂಬೂರಿ ನುಡಿಸಿದವರಿಗೆ ಈ ಗಾಂಧಾರ ಗೊತ್ತು. ನಾಲ್ಕು ತಂತಿಯಲ್ಲಿ ಯಾವುದನ್ನೂ ಗಾಂಧಾರಕ್ಕೆ ಶ್ರುತಿ ಮಾಡಿರುವುದಿಲ್ಲ. ಆದರೂ ತಂತಿಯ ಕೆಳಗೆ ಕುದುರೆಯ ಮೇಲಿಡುವ ಜವಾರಿಯ ದಾರ ಸರಿಯಾದ ಜಾಗಕ್ಕೆ ಕೂತ ಕೂಡಲೇ ಅದು ತಾನಾಗಿ ಏಳುತ್ತದೆ. ಸ್ವಯಂಭೂ ಗಾಂಧಾರ ಅಂತ ನಮ್ಮ ಗುರುಗಳು ಕಣ್ಣು ಮುಚ್ಚಿ ಕೇಳಿಸುತ್ತಿದ್ದರು. ಟ್ಯೂಬ್ ಸೇರಿಸುವುದು ಬಹಳ ಬಹಳ ಸಣ್ಣ ಪಾಲು, ಆದರೆ ತಂಬೂರಿ ಮೊದಲೇ ಹಾಡುತ್ತಿರುವ ಸ್ವರಗಳ ಮೇಲೆಯೇ ಅದು ಹೋಗಿ ಕೂರುತ್ತದೆ. ಈ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ನೋಡಿದ ದಿನ ನನಗಾದ ಸಂತೋಷ ಹೇಳತೀರದು.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಮೂವತ್ತು ಪಿಟೀಲು, ಕೊಳಲು, ಡ್ರಮ್ ಎಲ್ಲ ಒಟ್ಟಿಗೆ ಇರುವ ಸಿನಿಮಾ ಹಾಡಿನಲ್ಲಿ ಕೂಡಿಸುವುದು ಕಳೆಯುವುದು ಮಾಡಿದರೆ ಬರುವ ಸ್ವರಗಳು ಎಲ್ಲೆಲ್ಲೋ ಬೀಳುತ್ತವೆ. ಅಲ್ಲಿ ಟ್ಯೂಬ್ ಹಾಡನ್ನು ಮಸುಕು ಮಾಡುತ್ತದೆ. ಅಂಥ ಹಾಡು ಜಾಸ್ತಿ ಕೇಳುವವರಿಗೆ ಟ್ಯೂಬ್ ಡ್ಯಾಕ್ ಬೇಡ.

ಇದು ಬರೀ ಕಾಗದದ ಲೆಕ್ಕವಾ ಅಂತ ತಿಳಿಯಲು ನಾವು ಕೇಳಿ ನೋಡಿದೆವು. ಅದೇ ಚಿಪ್ಪಿನ ಇನ್ನೊಂದು ಬೋರ್ಡು, ಅದಕ್ಕೆ ಟ್ಯೂಬ್ ಬದಲು ಆಪ್-ಆಂಪ್. ಯಾವುದು ಹಾಡುತ್ತಿದೆ ಅಂತ ನನಗೆ ಕಾಣದ ಹಾಗೆ ಅಣ್ಣನ ಮಗ ಕಪಾಟಿನ ಹಿಂದೆ ಕೂತು ಬದಲಾಯಿಸುತ್ತಿದ್ದ. ನೀವೂ ಮಾಡುವುದಾದರೆ ಒಂದು ಎಚ್ಚರ: ಎರಡರ ದನಿಯೂ ಸಮ ಇರಬೇಕು. ಒಂದು ಕೂದಲೆಳೆ ಜೋರಾಗಿದ್ದರೂ ಅದೇ ಚೆಂದ ಅಂತ ಕಿವಿ ಹೇಳಿಬಿಡುತ್ತದೆ. 100 ಹರ್ಟ್ಜ್‌ನ ಟೋನ್ ಹಾಕಿ ಎರಡರ ಔಟ್‌ಪುಟ್ಟನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಗ್ಗದ ಮಲ್ಟಿಮೀಟರುಗಳು ಮನೆಯ ಕರೆಂಟಿನ 50 ಹರ್ಟ್ಜ್ ಹತ್ತಿರ ಸರಿ ತೋರಿಸುತ್ತವೆ, ತುಂಬಾ ಮೇಲೆ ಹೋದರೆ ನಂಬುವ ಹಾಗಿಲ್ಲ.

ಗಂಗೂಬಾಯಿ ಹಾನಗಲ್ಲರ ನಂತರದ ದಿನಗಳ ಧ್ವನಿಮುದ್ರಣಗಳಲ್ಲಿ ನನಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಆ ಗಂಡು ದನಿಯಂಥ ಗಟ್ಟಿ ದನಿ ಮಂದ್ರಕ್ಕೆ ಇಳಿದು ನಿಂತಾಗ ಟ್ಯೂಬಿನಲ್ಲಿ ಅವರು ಕೋಣೆಯಲ್ಲೇ ಕೂತಿದ್ದಾರೆ ಅನ್ನಿಸುತ್ತದೆ. ಹಿಂದಿನ ತಂಬೂರಿ ಒಂದು ಹೆಜ್ಜೆ ಮುಂದೆ ಬರುತ್ತದೆ. ಆಪ್-ಆಂಪ್‌ನಲ್ಲಿ ತಬಲಾದ 'ನಾ' ಹೆಚ್ಚು ಖಡಕ್ಕಾಗಿ ಕೇಳುತ್ತದೆ, ಆದರೆ ದನಿ ತುಸು ದೂರ. ಅವರ 1930ರ ದಶಕದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ಮಾತ್ರ ಯಾವುದು ಯಾವುದೋ ತಿಳಿಯಲಿಲ್ಲ. ಆಗ ಅವರ ದನಿಯೂ ಎತ್ತರದ್ದು, ತಟ್ಟೆಯಲ್ಲಿ ಕೆಳಗಿನ ನಾದವೂ ಉಳಿದಿಲ್ಲ. ಇಲ್ಲದ್ದನ್ನು ಯಾವ ಡ್ಯಾಕೂ ತರುವುದಿಲ್ಲ. ಯೂಟ್ಯೂಬಿನಲ್ಲಿ ಹಿಂಡಿ ಸಣ್ಣದು ಮಾಡಿದ ಆಡಿಯೊಗೂ ಇದೇ ಮಾತು.

ಮಲ್ಲಿಕಾರ್ಜುನ ಮನ್ಸೂರರಿಗೆ ನನ್ನ ಉತ್ತರ ಬೇರೆ. ಅವರ ದನಿಗೆ ಒಂದು ಅಂಚಿದೆ. ಉಸಿರು ಎಲ್ಲಿ ತಗೊಂಡರು ಅಂತ ತಿಳಿಯದ ಹಾಗೆ ಒಂದು ತಾನದಿಂದ ಇನ್ನೊಂದಕ್ಕೆ ದಾಟುವಾಗ ಆ ಅಂಚಿನ ಮೇಲೆಯೇ ರಾಗ ನಡೆಯುತ್ತದೆ. ಟ್ಯೂಬ್ ಅದನ್ನು ತುಸು ದುಂಡಗೆ ಮಾಡುತ್ತದೆ. ನನಗದು ಬೇಡ. ಮನ್ಸೂರರನ್ನು ಕೇಳುವಾಗ ನಾನು ಆಪ್-ಆಂಪ್ ಬೋರ್ಡೇ ಹಾಕುತ್ತೇನೆ. ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಇದು ಸಣ್ಣ ವಿಷಯವಲ್ಲ.

ಹಾಡುಗಾರರು ಹೇಳದದ್ದನ್ನು ಯಂತ್ರ ಸೇರಿಸಬಹುದಾ ಅಂತ ನಮ್ಮ ಸಂಗೀತದ ಗೆಳತಿಯೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಮೈಕಿನ ಆಂಪ್ಲಿಫೈಯರಿನಿಂದ ಹಿಡಿದು ಮನೆಯ ರೇಡಿಯೊವರೆಗೆ ದಾರಿಯುದ್ದಕ್ಕೂ ವಾಲ್ವ್‌ಗಳೇ ಇದ್ದವು. ಆ ಕಾಲದ ಕೇಳುಗರು ಈ ಹಿರಿಯರ ದನಿಯನ್ನು ರೇಡಿಯೊದಲ್ಲಿ ಕೇಳಿ ಮನಸ್ಸಿಗೆ ತಗೊಂಡದ್ದು ಹಾಗೆಯೇ. ಅದಕ್ಕೇ ನಾನು ಇದನ್ನು ಅಪಚಾರ ಅಂತ ತಿಳಿಯುವುದಿಲ್ಲ. ಆದರೆ ಟ್ಯೂಬಿನದ್ದೇ ನಿಜವಾದ ದನಿ ಅನ್ನುವವರ ಮಾತನ್ನೂ ಒಪ್ಪುವುದಿಲ್ಲ.

ಮನೆಯಲ್ಲಿ ಇಟ್ಟುಕೊಂಡವರಿಗೆ ಎರಡು ಮಾತು. ಮೊದಲನೆಯದು ಹಮ್. ಕರೆಂಟು 50 ಹರ್ಟ್ಜ್, ಅದನ್ನು ಡಿಸಿ ಮಾಡುವಾಗ ಉಳಿಯುವ ಗುಂಯ್ ಸದ್ದು 100 ಹರ್ಟ್ಜ್. ಕಾಳಿ ಒಂದಕ್ಕೆ ಮಂದ್ರ ಪಂಚಮ ಸುಮಾರು 103. ಅಂದರೆ ಸಪ್ಲೈ ಚೆನ್ನಾಗಿಲ್ಲದ ಡ್ಯಾಕ್‌ನಲ್ಲಿ ಇಡೀ ಕಛೇರಿಯ ಅಡಿಗೆ ಒಂದು ಇಳಿದ ಪಂಚಮ ಕೂತಿರುತ್ತದೆ! ಸ್ವರ ಬಲ್ಲವರಿಗೆ ಇದಕ್ಕಿಂತ ಹಿಂಸೆ ಬೇರೆ ಇಲ್ಲ. ಕೊಳ್ಳುವ ಮೊದಲು ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಸ್ಪೀಕರಿಗೆ ಕಿವಿ ಕೊಟ್ಟು ಕೇಳಿ. ಮನೆಯಲ್ಲಿ ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾಗಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕಡೆಯಿಂದ ನೋಡಿಸಿಕೊಳ್ಳಿ. ನಮ್ಮ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಎಷ್ಟೋ ಸಲ ಮೂರನೆಯ ತೂತು ಖಾಲಿ ಇರುತ್ತದೆ.

ಎರಡನೆಯದು ಧಾರವಾಡದ ಮಳೆ. ಜೂನ್ ಹಿಡಿದರೆ ಗೋಡೆಯೂ ಬೆವರುತ್ತದೆ, ಅಲ್ವಾ? ಟ್ಯೂಬಿನ ಒಂಬತ್ತು ಪಿನ್ನುಗಳ ಮೇಲೆ ತೆಳ್ಳಗೆ ಕಪ್ಪು ಕೂರುತ್ತದೆ, ಎಡಗಡೆಯೋ ಬಲಗಡೆಯೋ ಚರಚರ ಅನ್ನುತ್ತದೆ. ಟ್ಯೂಬ್ ಹೋಯಿತು ಅಂತ ಹೊಸದು ತರಿಸಬೇಡಿ. ಸ್ವಿಚ್ ತೆಗೆದು, ಪ್ಲಗ್ ಕಿತ್ತು, ಪೂರಾ ಆರುವವರೆಗೆ ಬಿಡಿ. ಟ್ಯೂಬನ್ನು ಅಲುಗಿಸದೆ ನೆಟ್ಟಗೆ ಮೇಲಕ್ಕೆ ಎಳೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಪಿನ್ ಒರೆಸಿ, ಒಣಗಿದ ಮೇಲೆ ಮತ್ತೆ ಕೂರಿಸಿ. ಡಬ್ಬಿಯ ಮುಚ್ಚಳ ಮಾತ್ರ ತೆಗೆಯಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟ್ ತೆಗೆದ ಮೇಲೂ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಖರ್ಚಿನ ಬಗ್ಗೆ ಹೆದರಿಕೆ ಬೇಡ. 6922ರ ಒಂದು ಟ್ಯೂಬಿನ ಹೀಟರ್ ಎರಡೂವರೆ ವ್ಯಾಟಿಗಿಂತ ಕಡಿಮೆ ತಿನ್ನುತ್ತದೆ. ಒಳ್ಳೆಯ 6922ಗೆ ಹತ್ತು ಸಾವಿರ ಗಂಟೆ ಬಾಳಿಕೆ ಅಂತ ಲೆಕ್ಕ, ದಿನಾ ಎರಡು ತಾಸು ಕೇಳಿದರೆ ಹತ್ತು ವರ್ಷದ ಮೇಲಾಯಿತು.

ಅಂಗಡಿಗೆ ಹೋಗುವವರು ನಿಮಗೆ ಬಾಯಿಪಾಠ ಆಗಿರುವ ಒಂದು ಖಯಾಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಎಂಪಿ3 ಅಲ್ಲ, ಸಿಡಿಯಿಂದ ತೆಗೆದ ಪೂರಾ ಫೈಲ್. ಹಾಡು ಶುರುವಾಗುವ ಮೊದಲು ತಂಬೂರಿ ಒಂದೇ ನುಡಿಯುವ ಆ ಅರ್ಧ ನಿಮಿಷ ಹಾಕಿಸಿ. ಅಲ್ಲಿ ಗಾಂಧಾರ ಹುಡುಕಿ. ಸಿಗದಿದ್ದರೆ ಡಬ್ಬಿ ಎಷ್ಟೇ ಬೆಳಗಲಿ, ವಾಪಸ್ ಬನ್ನಿ. ಧಾರವಾಡದವರಾದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೂ ಬರಬಹುದು, ಎರಡೂ ಬೋರ್ಡು ಜೋಡಿಸಿಯೇ ಇಟ್ಟಿದ್ದೇವೆ.