ಛಿಟ್‌ಮಹಲ್ ಮತ್ತು ನಮ್ಮ ಮೇಡಂ

ಎಂ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪೇಪರು ಕಲಿಸಿದ ಮೇಡಂ ಇಲ್ಲದಿದ್ದರೆ ಛಿಟ್‌ಮಹಲ್ ಎಂಬ ಮಾತೇ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಛಿಟ್‌ಮಹಲ್ ಅಂದರೆ ಬಾಂಗ್ಲಾದೇಶದ ಹೊಟ್ಟೆಯೊಳಗೆ ಭಾರತದ ಊರುಗಳು, ನಮ್ಮ ಪಶ್ಚಿಮ ಬಂಗಾಳದ ಕೂಚ್‌ಬಿಹಾರ ಜಿಲ್ಲೆಯೊಳಗೆ ಬಾಂಗ್ಲಾದೇಶದ ಊರುಗಳು. ಅದಲು ಬದಲು ಮಾಡಿಕೊಳ್ಳಬೇಕಿದ್ದ ಪಟ್ಟಿಯಲ್ಲಿ ಆ ಕಡೆ 111, ಈ ಕಡೆ 51. ಸುತ್ತಲೂ ಬೇರೆ ದೇಶ. ಈ ಕಡೆಯ ಊರುಗಳಿಂದ ಹೆರಿಗೆಗೆ ನಮ್ಮ ದಿನ್‌ಹಾಟಾ ಆಸ್ಪತ್ರೆಗೆ ಬಂದ ಹೆಣ್ಣುಮಗಳು, ಕಾಗದದ ಮೇಲೆ ಬಾಂಗ್ಲಾದೇಶದವಳಾದ್ದರಿಂದ, ಯಾರೋ ಭಾರತೀಯನ ಹೆಸರನ್ನು ಗಂಡ ಅಂತ ಬರೆಸಬೇಕಿತ್ತು. ಮಗುವನ್ನು ಶಾಲೆಗೆ ಸೇರಿಸುವಾಗಲೂ ಅದೇ, ಅಪ್ಪ ಅಂತ ಇನ್ನೊಬ್ಬರ ಹೆಸರು. ಮೇಡಂ ಇದನ್ನು ಹೇಳಿದ ದಿನ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಅವರು ಸುಮ್ನೆ ಪಾಠ ಹೇಳಿ ಬಿಡುವವರಲ್ಲ. ಗ್ರಾಫ್ ಶೀಟು, ಬಣ್ಣದ ಪೆನ್ಸಿಲು ತರಿಸಿದರು. ಭಾರತಕ್ಕೆ ಹಸಿರು, ಬಾಂಗ್ಲಾದೇಶಕ್ಕೆ ಕೆಂಪು. ದಹಲಾ ಖಗ್ರಾಬಾರಿ ಎಂಬ ಜಾಗವನ್ನು ಬಿಡಿಸಲು ಹೇಳಿದರು. ಮೊದಲು ಹಾಳೆ ತುಂಬ ಕೆಂಪು, ಅದರೊಳಗೆ ಹಸಿರು ಊರು, ಆ ಹಸಿರಿನೊಳಗೆ ಮತ್ತೆ ಕೆಂಪು, ಆ ಕೆಂಪಿನ ನಡುವೆ ಒಂದು ಹಸಿರು ಚುಕ್ಕೆ. ಆ ಚುಕ್ಕೆ ಎರಡು ಎಕರೆಯೂ ಇಲ್ಲದ ಸೆಣಬಿನ ಹೊಲ. ಪೆನ್ಸಿಲ್ ಎಷ್ಟು ಚೂಪು ಮಾಡಿದರೂ ಅದು ಸರಿಯಾಗಿ ಕೂರುತ್ತಿರಲಿಲ್ಲ.

ಕೂಚ್‌ಬಿಹಾರದ ರಾಜರೂ ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದ ಕಡೆಯವರೂ ಚದುರಂಗ ಆಡುತ್ತಾ ಊರುಗಳನ್ನೇ ಪಣಕ್ಕಿಟ್ಟರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತಿತ್ತು. ನಾವೂ ಅದನ್ನೇ ಸೆಮಿನಾರಿನಲ್ಲಿ ಹೇಳಬಹುದು ಅಂದುಕೊಂಡಿದ್ದೆವು. ಮೇಡಂ ಬಿಡಲಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ 2002ರಲ್ಲಿ ಬಂದ ಬ್ರೆಂಡನ್ ವೈಟ್ ಅವರ ಅಧ್ಯಯನದ ಪ್ರಿಂಟ್‌ಔಟ್ ಮುಂದಿಟ್ಟರು. ಹಳೆಯ ದಾಖಲೆ, ನಕ್ಷೆಗಳನ್ನೆಲ್ಲ ಒಟ್ಟು ಹಾಕಿ ಅವರು ತೋರಿಸಿದ್ದು ಇಷ್ಟು: ಇದರ ಬೇರು ಇರುವುದು ಮೊಘಲರಿಗೂ ಕೂಚ್‌ಬಿಹಾರಕ್ಕೂ 1711-13ರ ಸುಮಾರಿಗೆ ಆದ ಒಪ್ಪಂದದಲ್ಲಿ. ಅದೇ 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಇತಿಹಾಸಕಾರ ವಿಲೆಮ್ ವಾನ್ ಶೆಂಡೆಲ್ ಅಲ್ಲಿನ ಜನ ಯಾವ ದೇಶಕ್ಕೂ ಸೇರದೆ ಹೇಗೆ ಬದುಕಿದರು ಅಂತ ಬರೆದಿದ್ದರು. ಅದನ್ನೂ ಓದಿಸಿದರು.

ಬೇರುಬಾರಿ ಎಂಬ ಗಡಿಯ ಊರಿನ ಪ್ರಕರಣವಂತೂ ಅವರಿಗೆ ತುಂಬಾ ಇಷ್ಟ. ಆ ಊರನ್ನು ಹಂಚಿಕೊಂಡು ಛಿಟ್‌ಮಹಲ್‌ಗಳನ್ನು ಅದಲು ಬದಲು ಮಾಡಲು ಪಾಕಿಸ್ತಾನದ ಪ್ರಧಾನಿ ಜೊತೆ (ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನ) ಆದ 1958ರ ನೆಹರೂ-ನೂನ್ ಒಪ್ಪಂದದ ಮೇಲೆ 1960ರಲ್ಲಿ ಸುಪ್ರೀಂ ಕೋರ್ಟು ಅಭಿಪ್ರಾಯ ಕೊಟ್ಟಿತು: ದೇಶದ ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಅದನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. "ಹೆಸರ ಕೇಳಿದ್ರ ಗೊತ್ತಾಗೂದಿಲ್ಲೇನು, ನಮ್ಮ ಗದಗ ಜಿಲ್ಲಾದ ಗಜೇಂದ್ರಗಡ!" ಅನ್ನುವಾಗ ಮೇಡಂ ಮುಖ ಅರಳುತ್ತಿತ್ತು.

1974ರಲ್ಲಿ ಇಂದಿರಾ ಗಾಂಧಿ, ಮುಜೀಬುರ್ ರೆಹಮಾನ್ ಸಹಿ ಹಾಕಿದ, ಈ ಊರುಗಳನ್ನು ಅದಲು ಬದಲು ಮಾಡುವ ಒಪ್ಪಂದ ನಮ್ಮ ಸಂಸತ್ತು ದಾಟಲು 2015ರ ಮೇ ತನಕ ಕಾಯಬೇಕಾಯಿತು, ಸಂವಿಧಾನದ ನೂರನೇ ತಿದ್ದುಪಡಿಯಾಗಿ. ನಾವು ಕೊಡುವುದು 17,160 ಎಕರೆ, ಪಡೆಯುವುದು 7,110 ಎಕರೆ, ಹತ್ತು ಸಾವಿರ ಎಕರೆ ನಷ್ಟ ಅಲ್ವಾ ಅಂತ ನಮ್ಮ ಕ್ಲಾಸಿನಲ್ಲೇ ಜಗಳ ಆಗಿತ್ತು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಆ ನೆಲಕ್ಕೆ ನಮ್ಮ ತಲಾಠಿ ಯಾವತ್ತಾದರೂ ಹೋಗಿದ್ದಾನಾ, ಪೊಲೀಸ್ ಹೋಗಿದ್ದಾನಾ, ಮತಪೆಟ್ಟಿಗೆ ಹೋಗಿದೆಯಾ? ವಿದ್ವಾಂಸರ ಪುಸ್ತಕದಿಂದ ಒಪ್ಪಂದ ಆಗುವುದಿಲ್ಲ, ಅದು ರಾಜಕಾರಣದ ಕೆಲಸ, ನಿಜ. ಆದರೆ ಕಳೆದುಕೊಳ್ಳುತ್ತಿರುವುದು ಬರೀ ಕಾಗದದ ಮೇಲಿನ ನೆಲ ಅಂತ ಧೈರ್ಯವಾಗಿ ಹೇಳಲು ಯಾರೋ ಮೊದಲು ಕೂತು ಆ ಕಾಗದಗಳನ್ನು ಓದಿರಬೇಕು. ಹಾಗೇ ಜನರನ್ನು ಎಣಿಸಿರಬೇಕು. 2011ರ ಜುಲೈನಲ್ಲಿ ಎರಡೂ ಸರ್ಕಾರಗಳು ಸೇರಿ ಮನೆ ಮನೆ ಎಣಿಸಿದಾಗ ಸಿಕ್ಕ ಲೆಕ್ಕ 51,549. ಯಾರಿಗೆ ಯಾವ ದೇಶ ಬೇಕು ಅಂತ ಕೇಳಲು ಸಾಧ್ಯವಾಗಿದ್ದು ಆ ಪಟ್ಟಿ ಇದ್ದದ್ದರಿಂದ.

2015ರ ಜುಲೈ 31ರ ನಡುರಾತ್ರಿ ಆ ನೆಲವೆಲ್ಲ ದೇಶ ಬದಲಿಸಿತು. ಜನ 68 ಮೇಣದಬತ್ತಿ ಹಚ್ಚಿದರು, 1947ರಿಂದ ವರ್ಷಕ್ಕೊಂದರಂತೆ. ಗುಂಡು ಹಾರಲಿಲ್ಲ. ಈ ಕಡೆಯ ಊರುಗಳಿಂದ ಯಾರೂ ಬಾಂಗ್ಲಾದೇಶಕ್ಕೆ ಹೋಗಲು ಕೇಳಲಿಲ್ಲ, ಆ ಕಡೆಯಿಂದ ಸಾವಿರಕ್ಕೆ ಸ್ವಲ್ಪ ಕಡಿಮೆ ಜನ ಭಾರತ ಬೇಕೆಂದರು. ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. ಮಾತಿಗಿಂತ ಅಳುವೇ ಜಾಸ್ತಿ ಇತ್ತು, ಇಬ್ಬರದೂ.

ಆದರೆ ಹಾಗೆ ಬಂದವರನ್ನು ದಿನ್‌ಹಾಟಾ, ಮೆಖ್ಲಿಗಂಜ್, ಹಲ್ದಿಬಾರಿಯ ಶಿಬಿರಗಳ ತಗಡಿನ ಮನೆಗಳಲ್ಲಿ ವರ್ಷಗಟ್ಟಲೆ ಇಟ್ಟಿದ್ದು ನನಗೆ ಇವತ್ತಿಗೂ ಸಂಕಟ. ಈ ಕಡೆ ಉಳಿದವರ ಹೊಲಗಳ ಹಕ್ಕಿಗಾಗಿ ಪಶ್ಚಿಮ ಬಂಗಾಳ ಕಾನೂನು ತಿದ್ದಿದ್ದೇ 2018ರಲ್ಲಿ. ಈಗ ಎಂ.ಎ. ಓದುತ್ತಿರುವವರಲ್ಲಿ ಯಾರಿಗಾದರೂ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಅಲ್ಲಿಂದ ಶುರು ಮಾಡಿ. 2015ರ ಮುಂಚಿನದ್ದನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಶಿಬಿರಕ್ಕೆ ಬಂದ ಮಕ್ಕಳು ಈಗ ಏನು ಓದುತ್ತಿದ್ದಾರೆ, ಯಾರಿಗೆ ಪಟ್ಟಾ ಸಿಕ್ಕಿತು, ಯಾರಿಗಿಲ್ಲ ಅಂತ ಹೋಗಿ ಕೇಳಿ ಬರೆಯುವವರು ಬೇಕು.